ಮೊದಲು ನೀರು, ಆಮೇಲೆ ಮೀನು, ಕೊನೆಗೆ ಗಾಳ

ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಸುತ್ತಲಿನ ಹೊಳೆಗಳಲ್ಲಿ ಗಾಳ ಹಾಕುವವರಿಗೊಂದು ಕೈಪಿಡಿ

ಅಮೆರಿಕದವರು ಬಾಸ್ ಹಿಡಿಯುವುದನ್ನು, ಯುರೋಪಿನವರು ಪೈಕ್ ಹಿಡಿಯುವುದನ್ನು ಯೂಟ್ಯೂಬಿನಲ್ಲಿ ನೋಡಿ, ಆನ್‌ಲೈನ್‌ನಲ್ಲಿ ರಾಡು, ರೀಲು ತರಿಸಿಕೊಂಡು, ಭಾನುವಾರ ಬೈಕ್ ಹತ್ತಿ ತುಂಗಭದ್ರೆಯ ದಂಡೆಗೆ ಬರುವ ಹುಡುಗರು ಈಗ ನಮ್ಮ ಕಡೆಯೂ ಇದ್ದಾರೆ. ಅವರಲ್ಲಿ ಅನೇಕರು ಸಂಜೆತನಕ ಕೂತು ಬರಿಗೈಲಿ ಎದ್ದು ಹೋಗುತ್ತಾರೆ. ಸಾಮಾನು ಕೆಟ್ಟದ್ದೆಂದಲ್ಲ, ಕೆಲಸದ ಕ್ರಮ ತಿರುಗುಮುರುಗಾಗಿರುತ್ತದೆ. ಮೊದಲು ಗಾಳ ಕೊಳ್ಳುತ್ತಾರೆ, ಆಮೇಲೆ ಮೀನಿನ ಬಗ್ಗೆ ವಿಚಾರ ಮಾಡುತ್ತಾರೆ, ನೀರನ್ನು ನೋಡುವುದು ದಂಡೆಗೆ ಬಂದ ಮೇಲೆಯೇ.

ನಮ್ಮ ಹೊಳೆಗಳಲ್ಲಿ ಬಾಸ್ ಇಲ್ಲ, ಪೈಕ್ ಇಲ್ಲ. ಅವೆರಡೂ ಮಾಡುವ ಕೆಲಸವನ್ನು ಇಲ್ಲಿ ಕುಚ್ಚು ಮತ್ತು ಬಾಳೆಮೀನು ಮಾಡುತ್ತವೆ: ಮರೆಯಲ್ಲಿ ಹೊಂಚು ಹಾಕಿ ಕೂತು, ಎದುರು ಹಾದ ಸಣ್ಣ ಮೀನನ್ನು ಒಂದೇ ನೆಗೆತಕ್ಕೆ ನುಂಗುವುದು. ಹಾಗಾಗಿ ಆ ವಿಡಿಯೋಗಳಿಂದ ಕಲಿಯುವುದು ಸ್ವಲ್ಪ ಇದ್ದೇ ಇದೆ. ಆದರೆ ಇಲ್ಲಿಯ ನೀರು ಬೇರೆ, ಕಾಲ ಬೇರೆ, ಕಾಯ್ದೆಯೂ ಬೇರೆ. ಅದಕ್ಕೇ ಈ ಬರಹ ನೀರಿನಿಂದಲೇ ಸುರುವಾಗುತ್ತದೆ.

ನೀರು ಎಲ್ಲಿದೆ, ಹೇಗಿದೆ

ಬ್ಯಾಡಗಿ ಪೇಟೆಗೆ ಹೊಳೆಯಿಲ್ಲ. ಆದರೆ ಬೆಳಿಗ್ಗೆ ಬೇಗ ಎದ್ದು ಹೊರಟರೆ ಬಿಸಿಲೇರುವ ಮುಂಚೆ ಮುಟ್ಟುವಂಥ ಮೂರು ಹೊಳೆಗಳಿವೆ.

ತುಂಗಭದ್ರೆ ಇವುಗಳಲ್ಲಿ ದೊಡ್ಡದು. ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಕೂಡಿ, ಹರಿಹರ ದಾಟಿ, ರಾಣೆಬೆನ್ನೂರು ಮತ್ತು ಹಾವೇರಿ ತಾಲ್ಲೂಕುಗಳ ಮೂಡಣ ಗಡಿಯಾಗಿ ಹರಿಯುತ್ತದೆ. ಐರಣಿ, ಚೌಡಯ್ಯದಾನಪುರ, ಗಳಗನಾಥ ಇವು ಅದರ ದಂಡೆಯ ಊರುಗಳು. ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಹಾನಗಲ್ಲ, ಹಾವೇರಿ ತಾಲ್ಲೂಕುಗಳನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಕುಮುದ್ವತಿ ಹುಂಚದ ಕಡೆಯಿಂದ ಇಳಿದು, ಮಾಸೂರ ಹತ್ತಿರದ ಮದಗದ ಕೆರೆಯನ್ನು ತುಂಬಿಸಿ, ರಾಣೆಬೆನ್ನೂರು ತಾಲ್ಲೂಕಿನ ಮುದೇನೂರ ಬಳಿ ತುಂಗಭದ್ರೆ ಸೇರುತ್ತದೆ.

ಮೂರರ ಸ್ವಭಾವವೂ ಬೇರೆ ಬೇರೆ. ವರದೆ, ಕುಮುದ್ವತಿ ಎರಡೂ ಮಲೆನಾಡಿನ ಮಳೆಯನ್ನೇ ನೆಚ್ಚಿಕೊಂಡವು. ಮಳೆಗಾಲದಲ್ಲಿ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತವೆ, ಬೇಸಿಗೆಯಲ್ಲಿ ಹರಿವು ನಿಂತು ಮಡುಗಳ ಸಾಲಾಗಿ ಉಳಿಯುತ್ತವೆ. ತುಂಗಭದ್ರೆ ಹಾಗಲ್ಲ. ಅದರ ನೀರು ಗಾಜನೂರಿನ ತುಂಗಾ ಅಣೆಕಟ್ಟೆ ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯದ ಗೇಟುಗಳ ಮಾತು ಕೇಳುತ್ತದೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮುಂಗಾರಿನಲ್ಲಿ ಅದು ಅಲ್ಲಿಗೆ ಹತ್ತಿರ ಬಂತೆಂದು ಪೇಪರಿನಲ್ಲಿ ಓದಿದರೆ, ಗೇಟು ಎತ್ತುವ ದಿನ ದೂರವಿಲ್ಲವೆಂದು ತಿಳಿಯಬೇಕು. ಬೇಸಿಗೆಯಲ್ಲಿಯೂ ಹಾವೇರಿ, ಗದಗ ಕಡೆಯ ಕುಡಿಯುವ ನೀರಿಗೆಂದು ಭದ್ರೆಯಿಂದ ಹೊಳೆಗೆ ನೀರು ಬಿಡುವುದುಂಟು. ಮೋಡವಿಲ್ಲ, ಮಳೆಯಿಲ್ಲ, ಆದರೂ ಬೆಳಿಗ್ಗೆ ಕಾಲಿಟ್ಟ ಮರಳದಿಬ್ಬ ಮಧ್ಯಾಹ್ನಕ್ಕೆ ಮುಳುಗಿರುತ್ತದೆ. ಹೊರಡುವ ಮುಂಚೆ ಜಲಾಶಯದ ಹೊರಹರಿವಿನ ಸುದ್ದಿ ನೋಡುವುದನ್ನು ಪದ್ಧತಿ ಮಾಡಿಕೊಳ್ಳಿ. ಅದಕ್ಕಿಂತ ಖಾತ್ರಿ ಸುದ್ದಿ ದಂಡೆಯ ಮೇಲೆ ಬಲೆ ಹರವಿಕೊಂಡು ಕೂತ ಹಿರಿಯರ ಹತ್ತಿರ ಸಿಗುತ್ತದೆ. “ಕಾಕಾ, ನೀರ ಏರೇತೇನ, ಇಳದೈತೇನ?” ಎಂದು ಕೇಳಿ. “ನಿನ್ನಿಗಿಂತ ಗೇಣ ಇಳದೈತಿ ನೋಡ ತಮ್ಮಾ” ಎಂದರೆ ಆ ದಿನ ಎಲ್ಲಿ ಕೂಡಬೇಕು ಎಂಬುದು ಅರ್ಧ ತಿಳಿದಂತೆ. ಇಳಿಯುವ ನೀರಿನಲ್ಲಿ ಮೀನು ದಂಡೆಯ ತೆಳುನೀರು ಬಿಟ್ಟು ಮಡುವಿನ ಅಂಚಿಗೆ ಸರಿಯುತ್ತದೆ, ಏರುವ ನೀರಿನಲ್ಲಿ ಹೊಸದಾಗಿ ಮುಳುಗಿದ ಹುಲ್ಲಿನ ಕಡೆಗೆ ಬರುತ್ತದೆ.

ಕಾಲದ ಲೆಕ್ಕ ಹೀಗಿದೆ. ಮಿರಗ ಮಳೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್‌ನಿಂದ ಆಗಸ್ಟ್‌ನವರೆಗೆ, ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ. ಮೀನು ಮೊಟ್ಟೆಯಿಡುವ ಕಾಲವೂ ಅದೇ. ಈ ಮೂರು ತಿಂಗಳು ಗಾಳ ಮನೆಯಲ್ಲಿರಲಿ. ಅಪಾಯದ ದೃಷ್ಟಿಯಿಂದಲೂ ಅದೇ ಸರಿ, ಮೀನಿನ ಸಂತಾನದ ದೃಷ್ಟಿಯಿಂದಲೂ ಅದೇ ಸರಿ. ಸೆಪ್ಟೆಂಬರ್ ಕೊನೆಗೆ ನೀರು ತಿಳಿಯಾಗತೊಡಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದಂಡೆಯಿಂದ ಗಾಳ ಹಾಕುವವರಿಗೆ ಸುಗ್ಗಿ. ಜನವರಿಯ ಚಳಿಯಲ್ಲಿ ಮೀನು ಮಂಕಾಗುತ್ತದೆ, ಬಿಸಿಲೇರಿದ ಮೇಲೆ ಮಾತ್ರ ಬಾಯಿ ಹಾಕುತ್ತದೆ. ಫೆಬ್ರವರಿಯಿಂದ ಮೇವರೆಗೆ ನೀರು ಕಡಿಮೆಯಾಗಿ ಮೀನೆಲ್ಲ ಮಡುಗಳಲ್ಲಿ ಸೇರಿಕೊಳ್ಳುತ್ತವೆ. ಹಿಡಿಯುವುದು ಸುಲಭ, ಆದರೆ ಮಡುವಿನ ಮೀನನ್ನೆಲ್ಲ ಬಳಿದುಕೊಂಡರೆ ಮುಂದಿನ ವರ್ಷಕ್ಕೆ ಹೊಳೆಯಲ್ಲಿ ಬೀಜವೇ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಊಟಕ್ಕೆ ಬೇಕಾದಷ್ಟೇ ಹಿಡಿಯಿರಿ.

ನೀರಿನ ಬಣ್ಣ ನೋಡಲು ಸುಲಭದ ಉಪಾಯವಿದೆ. ದಂಡೆಯಲ್ಲಿ ಕೂತು ಮೊಣಕೈವರೆಗೆ ಕೈ ಮುಳುಗಿಸಿ. ಬೆರಳು ಕಂಡರೆ ಕೃತಕ ಮೀನು, ಕೃತಕ ಕಪ್ಪೆಗಳು ಕೆಲಸ ಮಾಡುತ್ತವೆ. ಬೆರಳು ಕಾಣದಿದ್ದರೆ ವಾಸನೆಯ ಮೇವು, ಅಂದರೆ ಎರೆಹುಳು ಅಥವಾ ಹಿಟ್ಟಿನ ಉಂಡೆಯೇ ಗತಿ.

ಇನ್ನು ಜಾಗ. ಅಗಲವಾದ ಹೊಳೆಯಲ್ಲಿ ಮೀನು ಎಲ್ಲ ಕಡೆಯೂ ಇರುವುದಿಲ್ಲ. ಹಳ್ಳ ಬಂದು ಸೇರುವ ಬಾಯಿ, ಹೊಳೆ ತಿರುಗುವಲ್ಲಿ ಹೊರದಂಡೆಯ ಆಳ, ಬಂಡೆಯ ಹಿಂದಿನ ನಿಂತ ನೀರು, ಹಳೆಯ ಸೇತುವೆಯ ಕಂಬದ ಬುಡ, ಜೇಕು ಬೆಳೆದ ಅಂಚು: ಈ ಐದರಲ್ಲಿ ಒಂದನ್ನು ಹಿಡಿದರೆ ಸಾಕು. ಮೀನು ಕೂಡುವುದು ಹರಿವ ನೀರಿಗೂ ನಿಂತ ನೀರಿಗೂ ನಡುವಿನ ಗೆರೆಯಲ್ಲಿ. ನೀರಿನ ಮೇಲೆ ಕಸಕಡ್ಡಿ ತೇಲಿ ಬರುವುದನ್ನು ನೋಡುತ್ತ ಕೂತರೆ ಆ ಗೆರೆ ತಾನೇ ಕಾಣುತ್ತದೆ.

ಒಂದು ಎಚ್ಚರಿಕೆ. ತುಂಗಭದ್ರೆ, ವರದೆ ಎರಡರಲ್ಲೂ ಮರಳು ತೆಗೆದ ಗುಂಡಿಗಳಿವೆ. ಮೇಲೆ ಮೊಣಕಾಲುದ್ದ ನೀರು ಕಂಡರೂ ಮುಂದಿನ ಹೆಜ್ಜೆಗೆ ಆಳುದ್ದ ಇರುತ್ತದೆ, ಗುಂಡಿಯ ಅಂಚಿನ ಮರಳು ಕಾಲ ಕೆಳಗೆ ಕುಸಿಯುತ್ತದೆ. ಕೋಲಿನಿಂದ ತಳ ನೋಡದೆ ನೀರಿಗೆ ಇಳಿಯಬೇಡಿ. ಈಜು ಬಂದರೂ ಇಳಿಯಬೇಡಿ. ಸಿಕ್ಕಿಹಾಕಿಕೊಂಡ ಗಾಳವನ್ನು ಬಿಡಿಸಲೆಂದು ಇಳಿಯುವುದಂತೂ ಬೇಡವೇ ಬೇಡ. ದಾರ ಕತ್ತರಿಸಿಬಿಡಿ, ಗಾಳಕ್ಕೆ ಹೋಗುವುದು ಕೆಲವೇ ರೂಪಾಯಿ.

ಯಾವ ಮೀನು, ಅದರ ಗುಣವೇನು

ಕುಚ್ಚು. ಮರಲ, ಮುರ್ರೆಲ್ ಎಂದೂ ಕರೆಯುತ್ತಾರೆ. ಹಾವಿನ ತಲೆ, ಉರುಟು ಮೈ, ಬಾಯಿ ತುಂಬ ಹಲ್ಲು. ಬಾಸ್ ಹಿಡಿಯುವ ಖಯಾಲಿ ಇದ್ದವರು ಹುಡುಕಬೇಕಾದ್ದು ಇದನ್ನೇ. ಕೆರೆ, ಕಾಲುವೆ, ಹಳ್ಳ, ಹೊಳೆಯ ನಿಂತ ನೀರು ಎಲ್ಲ ಕಡೆ ಇರುತ್ತದೆ. ಇದರ ದೊಡ್ಡ ಜಾತಿಯೊಂದು ಹೊಳೆಯ ಆಳದ ಮಡುಗಳಲ್ಲಿ ಗಜ ಉದ್ದ ದಾಟಿ ಬೆಳೆಯುತ್ತದೆ, ಎಳೆಯದರ ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆ ಇರುತ್ತದೆ. ಕುಚ್ಚಿಗೆ ಕಿವಿರಿನ ಜತೆಗೆ ಗಾಳಿ ಉಸಿರಾಡುವ ಅಂಗವೂ ಇದೆ. ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಗಾಳ ಹಾಕುವವರಿಗೆ ಇದು ದೊಡ್ಡ ಸಹಾಯ. ಜೇಕಿನ ಅಂಚಿನಲ್ಲಿ ಹತ್ತು ನಿಮಿಷ ಸದ್ದು ಮಾಡದೆ ನಿಂತರೆ ‘ಗುಳುಕ್’ ಎಂಬ ಸದ್ದು, ಒಂದು ಉಂಗುರ, ಒಂದೆರಡು ಗುಳ್ಳೆ ಕಾಣುತ್ತವೆ. ಕುಚ್ಚು ಅಲ್ಲಿಯೇ ಇದೆ.

ಮಳೆಗಾಲದ ಸುತ್ತಿನಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪೊಂದು ಒಟ್ಟಾಗಿ ಕುದಿಯುವಂತೆ ಆಡುವುದು ಕಂಡರೆ ಅದು ಕುಚ್ಚಿನ ಸಂಸಾರ. ತಾಯಿ ತಂದೆ ಎರಡೂ ಕೆಳಗೆ ಕಾವಲಿರುತ್ತವೆ. ಮರಿಗಳ ಮೇಲೆ ಏನೇ ಬಿದ್ದರೂ ಸಿಟ್ಟಿನಿಂದ ಎರಗುತ್ತವೆ. ಅಲ್ಲಿ ಗಾಳ ಬೀಸಿದರೆ ಮೀನು ಸಿಗುವುದು ಖಾತ್ರಿ, ಅದಕ್ಕೇ ಬೀಸಬಾರದು. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಸಂಜೆಯೊಳಗೆ ಮುಗಿಸುತ್ತವೆ. ಒಂದು ಮೀನಿನಾಸೆಗೆ ನೂರಾರು ಹೋದಂತೆ.

ಬಾಳೆಮೀನು. ವಾಳೆ ಎಂದೂ ಅನ್ನುತ್ತಾರೆ. ಹೊಳೆಯ ಪೈಕ್ ಇದೇ. ಹುರುಪೆಯಿಲ್ಲದ ಚಪ್ಪಟೆ ಬೆಳ್ಳಿ ಮೈ, ಕಣ್ಣಿನಾಚೆಗೂ ಸೀಳಿದ ಬಾಯಿ, ಉದ್ದ ಮೀಸೆ. ಹಗಲು ಮಡುವಿನ ತಳದಲ್ಲಿ, ಬಂಡೆಯ ಸಂದಿಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಬೇಟೆಗೆ ಏಳುತ್ತದೆ. ಹಲ್ಲು ನೈಲಾನ್ ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಬೆರಳನ್ನಂತೂ ಅದರ ಬಾಯಿಗೆ ಕೊಡಲೇಬಾರದು. ಜಾಗತಿಕ ಮಟ್ಟದಲ್ಲಿ ಇದರ ಸಂಖ್ಯೆ ಇಳಿಯುತ್ತಿದೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಆತಂಕದ ಪಟ್ಟಿಗೆ ಸೇರಿಸಿದೆ. ಮೊಟ್ಟೆ ತುಂಬಿದ ಹೊಟ್ಟೆಯ ಬಾಳೆಮೀನು ಸಿಕ್ಕರೆ ಬಿಟ್ಟುಬಿಡುವುದು ಒಳ್ಳೆಯದು.

ಗೆಂಡೆ ಜಾತಿಯ ಮೀನುಗಳು. ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಇವನ್ನು ಕೆರೆಗಳಿಗೆ ಇಲಾಖೆಯವರು, ಗುತ್ತಿಗೆದಾರರು ಬಿಡುತ್ತಾರೆ. ಕೋಡಿ ಬಿದ್ದಾಗ ಹೊಳೆಗೂ ಇಳಿದು ಬಂದಿವೆ. ಕಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಗಾಳವನ್ನು ಎಷ್ಟು ಆಳಕ್ಕೆ ಬಿಡಬೇಕೆಂಬುದು ಇದರ ಮೇಲೆ ನಿಂತಿದೆ. ಕಲಿಯುವವರು ಇವುಗಳಿಂದಲೇ ಸುರು ಮಾಡುವುದು ಒಳಿತು.

ಗಿರ್ಲು ಮತ್ತು ಉಳಿದವು. ಗಿರ್ಲು ಮೀಸೆಯ ಸಣ್ಣ ಮೀನು. ಎರೆಹುಳುವಿಗೆ ಎಲ್ಲರಿಗಿಂತ ಮುಂಚೆ ಬರುತ್ತದೆ. ಬೆನ್ನಿನ ಮೇಲೊಂದು, ಎರಡೂ ಪಕ್ಕಕ್ಕೆ ಒಂದೊಂದು ಮುಳ್ಳು ಇರುತ್ತವೆ. ಚುಚ್ಚಿದರೆ ಕೈಯೆಲ್ಲ ಉರಿ. ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿ ಹಿಡಿದರೆ ನೋವು ಇಳಿಯುತ್ತದೆ. ಜಿಲೇಬಿ ಮೀನು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ಬಂತು, ಈಗ ಎಲ್ಲ ಕೆರೆಗಳಲ್ಲೂ ತುಂಬಿಕೊಂಡಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ದೇಶದಲ್ಲಿ ನಿಷಿದ್ಧ, ಆದರೂ ಹೊಂಡಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿದೆ. ಇವೆರಡು ಸಿಕ್ಕರೆ ನೀರಿಗೆ ಮರಳಿ ಬಿಡಬೇಡಿ, ಊರಿನ ಮೀನಿಗೆ ಉಪಕಾರವಾಗುತ್ತದೆ.

ತುಂಗೆಯ ಮೇಲಿನ ಭಾಗದಲ್ಲಿ, ಶೃಂಗೇರಿಯ ಮಠದ ಮುಂದೆ ಮತ್ತು ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ದೇವರ ಮೀನೆಂದು ಕಾಪಾಡಿಕೊಂಡು ಬಂದ ಮಹಶೀರ್ ಇವೆ. ದೊಡ್ಡ ಹುರುಪೆಯ, ಹೊನ್ನಿನ ಛಾಯೆಯ ಅಂಥ ಮೀನು ಇಲ್ಲಿ ಗಾಳಕ್ಕೆ ಬಂದರೆ, ನೀರಿನಲ್ಲಿಯೇ ಹಿಡಿದು ಗಾಳ ಬಿಡಿಸಿ ಕಳಿಸಿ.

ಗಾಳ, ದಾರ, ಮೇವು

ಗಾಳದ ವಿದ್ಯೆ ಈ ಸೀಮೆಗೆ ಹೊಸದಲ್ಲ. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಜಾತಿ, ಅವಕ್ಕೆ ಹಾಕುವ ಮೇವು, ಗಾಳ ಹಾಕುವ ಬಗೆ ಎಲ್ಲವೂ ಅಲ್ಲಿ ಬರುತ್ತವೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಇಬ್ಬರ ಕಾಲಕ್ಕೂ ಕಾರ್ಬನ್ ರಾಡು ಇರಲಿಲ್ಲ. ನಿಮಗೂ ಮೊದಲ ದಿನ ಅದು ಬೇಕಿಲ್ಲ.

ಬೆಂಡಿನ ಗಾಳ. ಎಂಟು ಹತ್ತು ಅಡಿಯ ನೇರ ಬಿದಿರಕೋಲು, ಕೋಲಿನಷ್ಟೇ ಉದ್ದದ ನೈಲಾನ್ ದಾರ, ಸಣ್ಣ ಸೀಸದ ಗುಂಡು, ಗಾಳ. ಬೆಂಡಿಗೆ ನಮ್ಮ ಹೊಲದಲ್ಲಿಯೇ ಸಾಮಾನಿದೆ. ಒಣಗಿದ ಬಿಳಿಜೋಳದ ದಂಟಿನ ಒಂದು ಗೆಣ್ಣು ಮುರಿದು, ಚೂರಿಯಿಂದ ಸಿಪ್ಪೆ ಸುಲಿದರೆ ಒಳಗಿನ ಬಿಳಿ ಬೆಂಡು ಬರುತ್ತದೆ. ಕಿರುಬೆರಳಿನಷ್ಟು ಉದ್ದ ಕತ್ತರಿಸಿ, ನಡುವೆ ಸೂಜಿಯಿಂದ ತೂತು ಮಾಡಿ, ದಾರ ಪೋಣಿಸಿ, ಜಾರದಂತೆ ಕಡ್ಡಿಯ ಚೂರು ಸಿಕ್ಕಿಸಿ. ಬೆಂಡಿನ ಮುಕ್ಕಾಲು ಭಾಗ ಮುಳುಗಿ ಕಾಲು ಭಾಗ ಮೇಲೆ ಕಾಣುವಷ್ಟು ಸೀಸ ಹಾಕಬೇಕು. ಇಡೀ ಬೆಂಡು ಮೇಲೆ ತೇಲಿದರೆ ಮೀನು ಎಳೆಯುವಾಗ ಭಾರ ಹತ್ತಿ ಮೇವು ಬಿಟ್ಟು ಹೋಗುತ್ತದೆ.

ಬೆಂಡು ಕುಣಿಯುವುದನ್ನು ಓದಲು ಕಲಿಯಿರಿ. ಟಕಟಕ ಎಂದು ನಡುಗಿದರೆ ಸಣ್ಣ ಮೀನು ಮೇವು ಕುಟುಕುತ್ತಿದೆ, ಬಿಡಿ. ಪಕ್ಕಕ್ಕೆ ಸರಸರ ಸರಿದರೆ ಗಿರ್ಲು. ನಿಧಾನಕ್ಕೆ ಮೇಲೆದ್ದು ಅಡ್ಡ ಮಲಗಿದರೆ ತಳದ ಗೆಂಡೆ ಮೇವು ಎತ್ತಿಕೊಂಡಿದೆ, ಎಳೆಯಿರಿ. ಒಂದೇ ಸಲಕ್ಕೆ ಮುಳುಗಿ ಮಾಯವಾದರೆ ಕೇಳುವುದೇ ಬೇಡ.

ಹಿಟ್ಟಿನ ಮೇವು. ಗೋವಿನಜೋಳದ ಹಿಟ್ಟು ಎರಡು ಪಾಲು, ಪುಡಿ ಮಾಡಿದ ಶೇಂಗಾ ಹಿಂಡಿ ಒಂದು ಪಾಲು, ಅಂಟಿಗೆಂದು ಗೋದಿಹಿಟ್ಟು ಸ್ವಲ್ಪ, ಒಂದು ಚೂರು ಬೆಲ್ಲ, ಜಜ್ಜಿದ ಬೆಳ್ಳುಳ್ಳಿ. ಕುದಿಯುವ ನೀರಿಗೆ ಹಾಕಿ ಗಟ್ಟಿ ಮುದ್ದೆ ತಿರುವಿ, ಆರಿದ ಮೇಲೆ ಚೆನ್ನಾಗಿ ನಾದಿ. ಹೊರಡುವ ಮುಂಚೆ ಒಂದು ಉಂಡೆಯನ್ನು ನೀರಿನ ಲೋಟಕ್ಕೆ ಹಾಕಿ ನೋಡಿ. ಹತ್ತು ನಿಮಿಷ ಕರಗದಿದ್ದರೆ ಹದ ಬಂದಿದೆ. ದಂಡೆಗೆ ಹೋದೊಡನೆ ಇದೇ ಮುದ್ದೆಯ ನಾಲ್ಕಾರು ಉಂಡೆಗಳನ್ನು ಗಾಳ ಬೀಳುವ ಜಾಗಕ್ಕೆ ಎಸೆದು, ಅರ್ಧ ತಾಸು ಸುಮ್ಮನಿರಿ. ಮೀನು ಆ ಜಾಗಕ್ಕೆ ಒಗ್ಗಿಕೊಳ್ಳಲಿ. ಗೆಂಡೆಗೆ ಇದು, ಗಿರ್ಲಿಗೆ ಎರೆಹುಳು, ಬಾಳೆಮೀನಿಗೆ ಕೋಳಿಯ ಕರುಳು ಅಥವಾ ಸತ್ತ ಸಣ್ಣ ಮೀನು. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದು ಬೇಡ. ಕ್ರೂರವೂ ಹೌದು, ಗದ್ದೆಕಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ರಾಡು ಮತ್ತು ರೀಲು. ಬೆಂಡಿನ ಗಾಳದಲ್ಲಿ ಕೈ ಪಳಗಿದ ಮೇಲೆ ಇದಕ್ಕೆ ದುಡ್ಡು ಹಾಕಿ. ಏಳಡಿಯ ಗಟ್ಟಿ ರಾಡು, ಮಧ್ಯಮ ಗಾತ್ರದ ಸ್ಪಿನ್ನಿಂಗ್ ರೀಲು, 20ರಿಂದ 30 ಪೌಂಡ್ ತಡೆಯುವ ಹೆಣಿಗೆ ದಾರ ಇದ್ದರೆ ಕುಚ್ಚಿಗೂ ಬಾಳೆಮೀನಿಗೂ ಸಾಕು. ಬಾಳೆಮೀನಿಗೆ ದಾರದ ತುದಿಗೆ ಗೇಣುದ್ದ ಉಕ್ಕಿನ ತಂತಿ ಕಡ್ಡಾಯ.

ಕುಚ್ಚಿಗೆ ರಬ್ಬರಿನ ಕೃತಕ ಕಪ್ಪೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಅದರ ಗಾಳಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೇಕು, ಅಂತರಗಂಗೆಯ ಮೇಲೆ ಎಳೆದರೂ ಸಿಕ್ಕುವುದಿಲ್ಲ. ಉಂಗುರ ಕಂಡ ಜಾಗದ ಮೇಲೆಯೇ ಎಸೆಯಬೇಡಿ, ನಾಲ್ಕಡಿ ಆಚೆ ಎಸೆದು ಅದರ ಮೇಲೆ ಹಾಯುವಂತೆ ಎಳೆಯಿರಿ. ಎರಡು ಸಲ ಕುಪ್ಪಳಿಸಿ, ಒಂದು ಉಸಿರು ನಿಲ್ಲಿಸಿ, ಮತ್ತೆ ಎರಡು ಸಲ. ಕುಚ್ಚು ಎಗರುವುದು ಬಹುಮಟ್ಟಿಗೆ ಕಪ್ಪೆ ನಿಂತಾಗಲೇ. ನೀರು ಸಿಡಿದೊಡನೆ ಗಾಬರಿಯಿಂದ ಎಳೆದರೆ ಕಪ್ಪೆ ಬಾಯಿಂದ ಜಾರಿ ಬರುತ್ತದೆ. ಮನಸ್ಸಿನಲ್ಲಿ ಒಂದು, ಎರಡು ಎಣಿಸಿ, ದಾರ ಬಿಗಿಯಾದ ಮೇಲೆ ರಾಡನ್ನು ಜೋರಾಗಿ ಮೇಲೆತ್ತಿ. ಆಮೇಲೆ ಸಡಿಲ ಬಿಡಬೇಡಿ, ಜೇಕಿನ ಬುಡಕ್ಕೆ ಹೊಕ್ಕರೆ ಮೀನೂ ಹೋಯಿತು, ಕಪ್ಪೆಯೂ ಹೋಯಿತು.

ಗಂಟು ಒಂದೇ ಒಂದು ಗಟ್ಟಿಯಾಗಿ ಕಲಿತರೆ ಸಾಕು. ದಾರವನ್ನು ಎರಡೆಳೆ ಮಡಿಸಿ ಗಾಳದ ಕಣ್ಣಿನಲ್ಲಿ ತೂರಿಸಿ. ಆ ಎರಡೆಳೆಯಿಂದಲೇ ಒಂದು ಸಾದಾ ಗಂಟು ಸಡಿಲವಾಗಿ ಹಾಕಿ. ತುದಿಯ ಕುಣಿಕೆಯನ್ನು ಅಗಲಿಸಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ ಎಳೆದು ಬಿಗಿಯಿರಿ. ಒಣ ಗಂಟು ಬಿಗಿಯುವಾಗ ಬಿಸಿಯಾಗಿ ದಾರ ಸೋಲುತ್ತದೆ.

ಹೊತ್ತಿನ ಮಾತು: ಬೆಳಕು ಹರಿಯುವ ಮುಂಚಿನಿಂದ ಎಂಟು ಗಂಟೆಯವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ನಡುಹಗಲು ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚುವ ಹೊತ್ತು.

ತೆಪ್ಪವೋ ಕಯಾಕೋ

ದಂಡೆಯಿಂದ ಮುಟ್ಟಲಾಗದ ಮಡುಗಳಿಗೆ ನೀರಿನ ಮೇಲೆಯೇ ಹೋಗಬೇಕು. ಅಲ್ಲಿಗೆ ಪ್ಲಾಸ್ಟಿಕ್ ಕಯಾಕ್ ಈಗಷ್ಟೇ ಬರುತ್ತಿದೆ, ತುಂಗಭದ್ರೆಯ ನಿಜವಾದ ವಾಹನ ತೆಪ್ಪ. ಬಿದಿರ ಸೀಳಿನ ದುಂಡು ಬುಟ್ಟಿ, ಮೊದಲು ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ. ಗೇಣು ನೀರಿದ್ದರೂ ತೇಲುತ್ತದೆ, ಬಂಡೆ ತಾಗಿದರೂ ತಿರುಗಿಕೊಂಡು ದಾಟುತ್ತದೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರ ಇದೇ ದಂಡೆಯಲ್ಲಿದೆ. ಈ ದಂಡೆಯ ಅಂಬಿಗ ಮನೆತನಗಳಿಗೆ ಹೊಳೆ ತಲೆಮಾರುಗಳಿಂದ ಗೊತ್ತು.

ಆದ್ದರಿಂದ ಮೊದಲ ಸಲ ತೆಪ್ಪ ಹತ್ತುವಾಗ ಒಬ್ಬರೇ ಹೋಗಬೇಡಿ. ಹೊಳೆ ಬಲ್ಲ ಅಂಬಿಗರನ್ನು ಕೇಳಿಕೊಂಡು, ಅರ್ಧ ದಿನದ ಕೂಲಿ ಮೊದಲೇ ಮಾತಾಡಿ ಹೋಗಿ. ಮಡುವಿನ ಆಳ, ಸುಳಿ, ಮುಳುಗಿದ ಬಂಡೆ, ಯಾರ ಬಲೆ ಎಲ್ಲಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತೆಪ್ಪದಲ್ಲಿ ನಿಂತು ಗಾಳ ಬೀಸಬಾರದು. ನಡುವೆ ಕುಕ್ಕರಗಾಲಲ್ಲಿ ಕೂತು, ಕೈಯಿಂದಷ್ಟೇ ಎಸೆಯಬೇಕು. ಮೀನು ಬಿದ್ದಾಗ ಇಬ್ಬರೂ ಒಂದೇ ಪಕ್ಕಕ್ಕೆ ವಾಲಿದರೆ ತೆಪ್ಪ ಮಗುಚುತ್ತದೆ.

ಕಯಾಕ್ ಇದ್ದವರು ಹರಿವು ಮೆಲ್ಲಗಿರುವ ನೀರಿನಲ್ಲಿ ಮಾತ್ರ ಇಳಿಸಿ, ಅದೂ ಅಕ್ಟೋಬರ್ ಆದ ಮೇಲೆ. ಹೋಗುವಾಗ ಹರಿವಿಗೆ ಎದುರಾಗಿ ಹುಟ್ಟು ಹಾಕಿ, ಬರುವಾಗ ದಣಿದ ಕೈಗೆ ಹರಿವು ಆಸರೆಯಾಗುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಕಾಲಬುಡದಲ್ಲಿ ಇದ್ದರೆ ಇಲ್ಲದಂತೆಯೇ. ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಯ ಗುಡುಗು ಕೇಳಿದೊಡನೆ ದಂಡೆ ಸೇರಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ, ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಡಿ. ಹೊಲದ ಬದುವಿನಲ್ಲಿ ನಡೆಯುವಾಗ ಪಂಪ್‌ಸೆಟ್ಟಿನ ಜೋತುಬಿದ್ದ ತಂತಿಯ ಮೇಲೂ ಕಣ್ಣಿರಲಿ.

ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಿಸಿಲು ಕಾಯಿಸುವುದನ್ನು ಕಂಡರೆ ಆ ಮಡು ಅದಕ್ಕೇ ಇರಲಿ. ಕತ್ತಲಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಗಾಳ ಹಾಕುವುದು, ನೀರಿನ ಅಂಚಿನಲ್ಲಿ ಕೂತು ಮೀನು ಹಸನು ಮಾಡುವುದು ಎರಡೂ ಬೇಡ.

ನೀರು ಯಾರದ್ದು

ಹೊಳೆ, ಕೆರೆ ಕಂಡಲ್ಲಿ ಗಾಳ ಹಾಕಬಹುದೆಂದು ತಿಳಿಯಬಾರದು. ರಾಜ್ಯದಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಸಹಕಾರ ಸಂಘಗಳಿಗೆ, ಟೆಂಡರುದಾರರಿಗೆ ಗುತ್ತಿಗೆ ಕೊಟ್ಟಿರುತ್ತದೆ, ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯ್ತಿಯ ಲೆಕ್ಕ. ಹಾವೇರಿಯ ಹೆಗ್ಗೇರಿ, ಮಾಸೂರ ಮದಗ, ಕಾಗಿನೆಲೆಯ ಕೆರೆ ಯಾವುದೇ ಇರಲಿ, ಗುತ್ತಿಗೆ ಹಿಡಿದವರು ಮರಿ ಕೊಂಡು ಬಿಟ್ಟಿರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಹಿಡಿಯುವುದು ಬೇರೆಯವರ ಹೊಲದ ತೆನೆ ಮುರಿಯುವುದಕ್ಕೆ ಸಮ. ಹೊಳೆಯಲ್ಲಿಯೂ ಪರವಾನಗಿಯ ಪದ್ಧತಿ ಇದೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಂಡರೆ ವರ್ಷಪೂರ್ತಿ ನೆಮ್ಮದಿ. ಸಿಡಿಮದ್ದು, ವಿಷ, ಕರೆಂಟು ಹಾಕಿ ಮೀನು ಕೊಲ್ಲುವುದು ಅಪರಾಧ. ಅಂಥದ್ದು ಕಂಡರೆ ಅದೇ ಕಚೇರಿಗೋ ಪೊಲೀಸರಿಗೋ ತಿಳಿಸಿ.

ಗಳಗನಾಥ, ಚೌಡಯ್ಯದಾನಪುರದಂಥ ಊರುಗಳಲ್ಲಿ ಗುಡಿಯ ಮುಂದಿನ ನೀರು, ಜನ ಮೀಯುವ ಪಾವಟಿಗೆ, ಬಟ್ಟೆ ಒಗೆಯುವ ಬಂಡೆ ಇವುಗಳಿಂದ ದೂರ ಸರಿದು ಕೂಡಿ. ಕತ್ತರಿಸಿದ ನೈಲಾನ್ ದಾರ ದಂಡೆಯಲ್ಲಿ ಬಿಟ್ಟು ಬಂದರೆ ಕೊಕ್ಕರೆಯ ಕಾಲಿಗೆ, ಎಮ್ಮೆಯ ಹೊಟ್ಟೆಗೆ ಅದೇ ಉರುಲು. ತುಂಡು ತುಂಡನ್ನೂ ಕಿಸೆಗೆ ಹಾಕಿ ತನ್ನಿ.

ನೀರಿನ ಶುದ್ಧಿಯೂ ನಿಮ್ಮ ವಿಷಯವೇ. 1980ರ ದಶಕದಲ್ಲಿ ಕಾರ್ಖಾನೆಯ ಹೊಲಸು ನೀರು ತುಂಗಭದ್ರೆಗೆ ಸೇರುವುದರ ವಿರುದ್ಧ ಎಸ್. ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ದಂಡೆಯ ಜನರನ್ನು ಕಟ್ಟಿಕೊಂಡು ಹೋರಾಡಿತ್ತು. ಹೊಳೆಗೆ ಏನಾದರೂ ಆದರೆ ಮೊದಲು ತಿಳಿಯುವುದು ಅದರ ಹತ್ತಿರ ಕೂಡುವವರಿಗೇ. ನೀರಿಗೆ ನೊರೆ, ಕೆಟ್ಟ ನಾತ, ಮೀನು ಮೇಲೆ ತೇಲಿ ಬಾಯಿ ಬಿಡುವುದು ಕಂಡರೆ ಫೋಟೊ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ, ಆ ಮೀನನ್ನು ಮನೆಗೆ ಒಯ್ಯಬೇಡಿ. ಊರಿನ ಗಟಾರು ಬಂದು ಸೇರುವ ಕಡೆ ಹಿಡಿದ ಮೀನನ್ನೂ ತಿನ್ನಬೇಡಿ.

ಮನೆಗೆ ತಂದ ಮೇಲೆ

ತಿನ್ನುವ ಮೀನನ್ನು ಒದ್ದಾಡಲು ಬಿಡದೆ ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರು ಸೀಳಿ ರಕ್ತ ಬಸಿದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡಿ. ಕುಚ್ಚು ಗಾಳಿ ಉಸಿರಾಡುವುದರಿಂದ ನೀರಿಲ್ಲದೆಯೂ ತಾಸುಗಟ್ಟಲೆ ಬದುಕಿರುತ್ತದೆ, ಮುಚ್ಚಳವಿಲ್ಲದ ಬಕೆಟ್ಟಿನಿಂದ ಹಾರಿ ಹೋಗುತ್ತದೆ. ಅದರ ಲೋಳೆ ತೆಗೆಯಲು ಬೂದಿ ಅಥವಾ ಕಲ್ಲುಪ್ಪು ಹಚ್ಚಿ ತಿಕ್ಕಿ, ಹುಣಸೆಹಣ್ಣಿನ ನೀರಿನಲ್ಲಿ ತೊಳೆಯಬೇಕು.

ಮಸಾಲೆಗೆ ಬ್ಯಾಡಗಿಯವರು ಬೇರೆ ಕಡೆ ನೋಡಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಹೊಳೆ ಮೀನಿನ ತೆಳು ರುಚಿಯನ್ನು ಅದು ಮುಚ್ಚಿಹಾಕುವುದಿಲ್ಲ. ತೊಟ್ಟು, ಬೀಜ ತೆಗೆದ ಎಂಟು ಹತ್ತು ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ, ಜೀರಿಗೆ, ಚೂರು ಅರಿಸಿನ, ಉಪ್ಪು, ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ. ನೀರು ಹೆಚ್ಚು ಹಾಕಬೇಡಿ. ಗೀರು ಹಾಕಿದ ತುಂಡುಗಳಿಗೆ ಹಚ್ಚಿ ಒಂದು ತಾಸು ಬಿಟ್ಟು, ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಂಚಿನ ಮೇಲೆ ಶೇಂಗಾ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಕೆಂಪಗೆ ಕಾಯಿಸಿ. ಕುಚ್ಚಿಗೆ ಸಣ್ಣ ಮುಳ್ಳು ಕಡಿಮೆ, ಮಕ್ಕಳೂ ತಿನ್ನಬಹುದು. ಗೆಂಡೆಯಲ್ಲಿ ಕವಲುಮುಳ್ಳು ಬಹಳ, ಸಾರಿಗೆ ಹಾಕುವುದಾದರೂ ಬಿಡಿಸಿಯೇ ಬಡಿಸಿ.

ಮೊದಲ ಸಲ ಹೋಗುವವರಿಗೆ

ಅಕ್ಟೋಬರ್ ಎರಡನೆಯ ವಾರದ ನಂತರದ ಒಂದು ದಿನ ಗೊತ್ತು ಮಾಡಿ. ಹಿಂದಿನ ಸಂಜೆ ಜಲಾಶಯದ ಹೊರಹರಿವಿನ ಸುದ್ದಿ ನೋಡಿ. ನೀರು ಬಿಟ್ಟಿದ್ದರೆ ಹೋಗಬೇಡಿ. ಹಿಟ್ಟು ಕಲಸಿಡಿ, ಬೆಂಡು ಎರಡು ಮಾಡಿಟ್ಟುಕೊಳ್ಳಿ. ಜತೆಗೆ ಒಬ್ಬರಿರಲಿ, ಇಬ್ಬರಲ್ಲಿ ಒಬ್ಬರಿಗಾದರೂ ಈಜು ಬರಲಿ. ಕಿಟ್ಟಿನಲ್ಲಿ ಇಕ್ಕಳ, ಚೂರಿ, ಹತ್ತಿ, ಟಿಂಚರು, ಹತ್ತು ಮಾರು ಹಗ್ಗ, ಕುಡಿಯುವ ನೀರು. ದಂಡೆ ಮುಟ್ಟಿದ ಮೇಲೆ ಮೊದಲ ಅರ್ಧ ತಾಸು ಗಾಳ ಬಿಚ್ಚಬೇಡಿ. ನೀರು ನೋಡಿ, ಕಸ ತೇಲುವ ಗೆರೆ ನೋಡಿ, ಉಂಗುರ ಏಳುವುದು ನೋಡಿ, ಹತ್ತಿರ ಕೂತ ಕಾಕಾನನ್ನು ಮಾತಾಡಿಸಿ. ಅರ್ಧ ತಾಸಾದ ಮೇಲೂ ಎಲ್ಲಿ ಹಾಕಬೇಕೆಂದು ಹೊಳೆಯದಿದ್ದರೆ ಜಾಗ ಬದಲಿಸಿ, ಗಾಳ ಬದಲಿಸಬೇಡಿ.